ಓದುಗರ ಪ್ರಶ್ನೆ: ಬಾವಲಿಯ ರೆಕ್ಕೆ ಎಷ್ಟು ಅಗಲ?

ಪ್ರಶ್ನೆ: ಸಂಜೆ ನಮ್ಮ ತೋಟದ ಅತ್ತಿ ಮರಕ್ಕೆ ಬರುವ ಬಾವಲಿಗಳ ರೆಕ್ಕೆ ನಾಲ್ಕಡಿ ಇದ್ದಂತೆ ಕಾಣುತ್ತದೆ. ಮೊನ್ನೆ ಒಣಗಿದ ಬಾಳೆಲೆಯೊಳಗೆ ಕಿತ್ತಳೆ-ಕಪ್ಪು ರೆಕ್ಕೆಯ ಪುಟ್ಟ ಬಾವಲಿಯೊಂದು ಕಂಡಿತು. ರೆಕ್ಕೆ ಅಳೆದು ಜಾತಿ ಗುರುತಿಸಬಹುದೇ?
– ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ನಿಮ್ಮ ಅಂದಾಜು ಸರಿಯಾಗಿದೆ. ಅತ್ತಿಗೆ ಬರುವುದು ಹಾರುವ ನರಿ ಎಂದೂ ಕರೆಯುವ ದೊಡ್ಡ ಹಣ್ಣುಬಾವಲಿ. ಬಲಿತದ್ದರ ರೆಕ್ಕೆ ತುದಿಯಿಂದ ತುದಿಗೆ 1.2ರಿಂದ 1.5 ಮೀಟರ್. ಬಾಳೆಲೆಯದು, ಬಣ್ಣ ನೋಡಿದರೆ, ಪೇಂಟೆಡ್ ಬ್ಯಾಟ್. ಪೂರ್ತಿ ಬಿಚ್ಚಿದರೂ ಅದರ ರೆಕ್ಕೆ ಒಂದಡಿ ದಾಟುವುದಿಲ್ಲ. ಜಗತ್ತಿನ ಲೆಕ್ಕದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ: ಥಾಯ್ಲೆಂಡ್-ಮ್ಯಾನ್ಮಾರ್‌ಗಳ ಎರಡು ಗ್ರಾಂ ತೂಗುವ ಬಾವಲಿಗೆ ಸುಮಾರು 15 ಸೆಂ.ಮೀ., ಫಿಲಿಪ್ಪೀನ್ಸಿನ ಹೊನ್ನೆತ್ತಿಯ ಹಣ್ಣುಬಾವಲಿಗೆ ಒಂದೂವರೆ ಮೀಟರಿಗೂ ಮಿಕ್ಕಿ.

ಆದರೆ ಜಾತಿ ಗುರುತಿಸಲು ರೆಕ್ಕೆಯ ಅಗಲವನ್ನು ನೆಚ್ಚಬೇಡಿ. ಅದು ಬೆರಳುಗಳ ನಡುವೆ ಹಬ್ಬಿದ ಚರ್ಮ. ಎಳೆದಷ್ಟು ಹಿಗ್ಗುತ್ತದೆ, ಸತ್ತು ಒಣಗಿದರೆ ಕುಗ್ಗುತ್ತದೆ. ಒಂದೇ ಬಾವಲಿಯನ್ನು ಇಬ್ಬರು ಅಳೆದರೆ ಎರಡು ಲೆಕ್ಕ ಬರುತ್ತದೆ. ತಿಳಿದವರು ಅಳೆಯುವುದು ಮುಂಗೈ ಮೂಳೆಯನ್ನು, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ. ಮೂಳೆ ಹಿಗ್ಗುವುದಿಲ್ಲ, ರೆಕ್ಕೆ ಮಡಚಿದ್ದಾಗಲೂ ಅದು ಎದ್ದು ಕಾಣುತ್ತದೆ. ಹಾರುವ ನರಿಗೆ ಇದು 15ರಿಂದ 18 ಸೆಂ.ಮೀ., ಬಾಳೆಹಣ್ಣು, ಸೀಬೆಗೆ ಬರುವ ಗಿಡ್ಡಮೂತಿಯ ಹಣ್ಣುಬಾವಲಿಗೆ ಸುಮಾರು 7, ಪೇಂಟೆಡ್ ಬ್ಯಾಟ್‌ಗೆ 3ರಿಂದ 4.

ಇಲ್ಲೂ ಒಂದು ತೊಡಕಿದೆ. ಕಪ್ಪೆ, ಇಲಿ ಹಿಡಿಯುವ ಫಾಲ್ಸ್ ವ್ಯಾಂಪೈರ್ ಬಾವಲಿಯ ಮುಂಗೈಯೂ ಹೆಚ್ಚುಕಡಿಮೆ 7 ಸೆಂ.ಮೀ. ಆಗ ಎರಡನೇ ಬೆರಳು ನೋಡಿ. ಹಣ್ಣುಬಾವಲಿಗೆ ಹೆಬ್ಬೆರಳಲ್ಲದೆ ಅಲ್ಲಿಯೂ ಉಗುರಿರುತ್ತದೆ. ಬೇಟೆಯಾಡುವ ಬಾವಲಿಗೆ ಅಲ್ಲಿ ಉಗುರಿಲ್ಲ, ಬದಲಿಗೆ ಬುಡದಲ್ಲಿ ಕೂಡಿಕೊಂಡ ದೊಡ್ಡ ಕಿವಿಗಳಿವೆ.

ರೆಕ್ಕೆಯ ಆಕಾರ ಮಾತ್ರ ಬಹಳ ಹೇಳುತ್ತದೆ. ಉದ್ದ, ಕಿರಿದಾದ ರೆಕ್ಕೆಯ ಗೋರಿಬಾವಲಿಗಳು ಮರಗಳ ಮೇಲೆ, ಬಯಲಲ್ಲಿ ರಭಸದಿಂದ ಹಾರುತ್ತವೆ. ಇಕ್ಕಟ್ಟಿನಲ್ಲಿ ತಿರುಗಲು ಅವಕ್ಕೆ ಕಷ್ಟ. ಲಾಳಮೂಗಿನ ಬಾವಲಿಯದು ಗಿಡ್ಡ, ಅಗಲ ರೆಕ್ಕೆ. ದೇಹದ ಭಾರಕ್ಕೆ ರೆಕ್ಕೆ ವಿಸ್ತಾರವಾಗಿರುವುದರಿಂದ ನಿಧಾನಕ್ಕೆ ಹಾರಿದರೂ ಬೀಳುವುದಿಲ್ಲ, ಕಾಫಿ ಗಿಡಗಳ ನಡುವೆಯೇ ಹುಳ ಹಿಡಿಯಬಲ್ಲದು.

ಅಳೆಯಲೆಂದು ಜೀವಂತ ಬಾವಲಿಯನ್ನು ಹಿಡಿಯಬೇಡಿ. ನಿಫಾ, ರೇಬೀಸ್ ಎರಡರ ಅಪಾಯವೂ ಇದೆ, ಸತ್ತದ್ದನ್ನೂ ಮುಟ್ಟಬೇಡಿ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆದರೆ ಸಾಕು. ಫೋನ್ ಓರೆಯಾದರೆ, ಅಥವಾ ಸ್ಕೇಲ್ ಮುಂಗೈಗಿಂತ ಕೆಳಗಿದ್ದರೆ ಅಳತೆ ತಪ್ಪುತ್ತದೆ. ಆಮೇಲೆ ಸ್ಕೇಲನ್ನು ಸೋಪುನೀರಲ್ಲಿ ತೊಳೆಯಿರಿ.

ಪ್ರಶ್ನೆ: ಸಪೋಟ ಮರದ ಬಲೆಗೆ ಸಿಕ್ಕಿ ಬಾವಲಿಯ ರೆಕ್ಕೆ ಹರಿಯಿತು. ಬದುಕುತ್ತದೆಯೇ? ಎಂಥ ಬಲೆ ಒಳ್ಳೆಯದು?
– ಓದುಗರು, ಗೋಣಿಕೊಪ್ಪ

ಉತ್ತರ: ಚರ್ಮದ ನಡುವಿನ ಸಣ್ಣ ತೂತು ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಹಿಂದಿನ ಅಂಚಿನವರೆಗೆ ಸೀಳಿದ್ದರೆ ಕೂಡಿಕೊಳ್ಳುವುದು ಕಷ್ಟ. ಬೆರಳ ಮೂಳೆ ಮುರಿದಿದ್ದರೆ ಮತ್ತೆ ಹಾರುವುದು ಅನುಮಾನ.

ತಪ್ಪು ಬಲೆಯದು. ತೆಳು ನೈಲಾನ್ ಎಳೆ, ಅಗಲ ಕಣ್ಣು, ಸಡಿಲ ಕಟ್ಟು, ಈ ಮೂರೂ ಸೇರಿದರೆ ಬೆರಳು, ಉಗುರು ಸಿಕ್ಕಿಕೊಂಡು ಬಾವಲಿ ಒದ್ದಾಡಿದಷ್ಟೂ ಬಿಗಿಯುತ್ತದೆ. ನಿಮ್ಮ ಕಿರುಬೆರಳು ತೂರದ, 5 ಮಿ.ಮೀ.ಗಿಂತ ಕಿರಿದಾದ ಕಣ್ಣಿನ ಬಿಳಿ ನೇಯ್ದ ಬಲೆ ತನ್ನಿ. ಚೌಕಟ್ಟು ಕಟ್ಟಿ, ಜೋಲದಂತೆ ಬಿಗಿಯಾಗಿ ಎಳೆಯಿರಿ. ಇಡೀ ಮರಕ್ಕೆ ಆಗದಿದ್ದರೆ ಬಲಿತ ಗೊಂಚಲುಗಳಿಗಷ್ಟೇ ಬಟ್ಟೆ ಚೀಲ ಕಟ್ಟಿ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬೇಡಿ, ಮಣ್ಣಲ್ಲಿ ಹೂತುಬಿಡಿ. ಮತ್ತೆ ಸಿಕ್ಕಿಬಿದ್ದರೆ ಎಳೆಯದೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಅವರು ಬರುವವರೆಗೆ ಮಕ್ಕಳನ್ನೂ ನಾಯಿಯನ್ನೂ ಮರದ ಹತ್ತಿರ ಬಿಡಬೇಡಿ.