ಮದುವೆಯೊಳಗೆ ಮಚ್ಚೆ ಹೋಗಬೇಕು: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಕೆಲಸದ ಜಾಗ ಎಲ್ಲ ಬದಲಾಯಿಸಿದ್ದೇನೆ. ಹುಡುಗಿಯನ್ನು ಸುಮಾ ಅಂತಿಟ್ಟುಕೊಳ್ಳಿ. ವಯಸ್ಸು 25, ಬಿ.ಕಾಂ. ಮುಗಿಸಿ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತಾಳೆ. ಎಡಗೆನ್ನೆಯ ಮೇಲೆ ಕೆಳರೆಪ್ಪೆಯಿಂದ ಮೇಲ್ದುಟಿಯವರೆಗೆ, ಅತ್ತ ಕಿವಿಯ ಪಕ್ಕದವರೆಗೂ ಹರಡಿದ ಕಡುಗೆಂಪು ಹುಟ್ಟುಮಚ್ಚೆ ಇದೆ. ಡಾಕ್ಟರುಗಳು ಇದಕ್ಕೆ ಪೋರ್ಟ್ ವೈನ್ ಸ್ಟೇನ್ ಅನ್ನುತ್ತಾರೆ. ಸ್ಕಿನ್ ಡಾಕ್ಟರ್ ನನಗೆ ಕಳಿಸಿದ ಚೀಟಿಯಲ್ಲಿ ಇದ್ದಿದ್ದು ಇಷ್ಟೇ: "ಮದುವೆಗೆ ನಾಲ್ಕು ತಿಂಗಳು. ಲೇಸರ್ ಪವರ್ ಜಾಸ್ತಿ ಇಟ್ಟು ಬೇಗ ಮುಗಿಸಿ ಅಂತ ತಾಯಿ ಹಟ ಹಿಡಿದಿದ್ದಾರೆ. ಹುಡುಗಿ ಬಾಯಿಯೇ ಬಿಡುತ್ತಿಲ್ಲ."

ಮೊದಲ ದಿನ ಮೂರು ಜನ ಬಂದರು. ಸುಮಾ, ಅವಳ ತಾಯಿ, ಸೋದರಮಾವ. ಮಾತೆಲ್ಲ ತಾಯಿಯದೇ. ಹುಡುಗನ ಕಡೆಯವರು ಮಚ್ಚೆ ನೋಡಿಯೇ ಒಪ್ಪಿದ್ದರು. ಆದರೆ ನಿಶ್ಚಿತಾರ್ಥ ಮುಗಿಸಿ ಹೊರಡುವಾಗ ಹುಡುಗನ ಸೋದರತ್ತೆ ಬಾಗಿಲಲ್ಲಿ ನಿಂತು, "ಈಗೆಲ್ಲ ಲೇಸರ್ ಬಂದಿದೆಯಲ್ಲ, ಮದುವೆಯೊಳಗೆ ಒಂದ್ಸಲ ತೋರಿಸಿಬಿಡಿ" ಅಂದರಂತೆ. ಅಷ್ಟೇ ಮಾತು. ಅವತ್ತಿನಿಂದ ಈ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ತಾಯಿ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮಿನ ಎರಡು ಟ್ಯೂಬ್, ಎರಡೂ ಕೊನೆಯವರೆಗೆ ಹಿಂಡಿದ್ದವು. ಬ್ಯೂಟಿ ಪಾರ್ಲರಿನ ರಸೀತಿ, ಅದರಲ್ಲಿ "ಲೇಸರ್ ಪ್ಯಾಕೇಜ್, ಆರು ಸಿಟ್ಟಿಂಗ್, ಅಡ್ವಾನ್ಸ್ ಸಂದಾಯ". ಇನ್ನೊಂದು, ಗಂಡು ಹುಡುಕುವಾಗ ಬ್ರೋಕರಿಗೆ ಕೊಡಲು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಫೋಟೋದಲ್ಲಿ ಮಚ್ಚೆಯೇ ಇಲ್ಲ! ಯಾರೂ ಹೇಳದಿದ್ದರೂ ಸ್ಟುಡಿಯೋದವನು ತಾನಾಗಿಯೇ ಅಳಿಸಿದ್ದ. ದುಡ್ಡೂ ತಗೊಂಡಿರಲಿಲ್ಲವಂತೆ.

ಮುಲಾಮಿನ ವಿಷಯ ಡಾಕ್ಟರ್ ಆಗಲೇ ಹೇಳಿದ್ದರು, ನಾನೂ ಇನ್ನೊಮ್ಮೆ ಹೇಳಿದೆ. ಈ ಮಚ್ಚೆ ಅಂದರೆ ಚರ್ಮದಡಿಯ ಸಣ್ಣ ರಕ್ತನಾಳಗಳು ಹುಟ್ಟಿನಿಂದಲೇ ಅಗಲವಾಗಿರುವುದು. ಮೇಲೆ ಏನು ಹಚ್ಚಿದರೂ ಅವು ಕಿರಿದಾಗುವುದಿಲ್ಲ. ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ಇನ್ನೂ ಎದ್ದು ಕಾಣುತ್ತದೆ. ಪಾರ್ಲರುಗಳಲ್ಲಿ ಲೇಸರ್ ಅಂತ ಹೇಳಿ ಮಾಡುವುದು ಬಹಳ ಸಲ ಐಪಿಎಲ್. ಅದು ನಾನಾ ಬಣ್ಣದ ಬೆಳಕು ಒಟ್ಟಿಗೆ ಬಿಡುವ ಯಂತ್ರ. ತಿಳಿದ ಡಾಕ್ಟರುಗಳೂ ಕೆಲವು ಸಲ ಅದನ್ನು ಬಳಸುತ್ತಾರೆ, ಇಲ್ಲ ಅಂತಲ್ಲ. ಆದರೆ ನಮ್ಮಂಥ ಕಂದು ಚರ್ಮಕ್ಕೆ ತರಬೇತಿ ಇಲ್ಲದವರು ಹಿಡಿದರೆ ಸುಟ್ಟ ಗಾಯ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ಅಡ್ವಾನ್ಸ್ ವಾಪಸ್ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ, ಮುಖ ಮಾತ್ರ ಅಲ್ಲಿ ಕೊಡಬೇಡಿ ಅಂದೆ.

ಸೋದರಮಾವನ ಚಿಂತೆಯೇ ಬೇರೆ. "ಲೇಸರ್ ಹಾಕಿದರೆ ಮುಖ ಸುಟ್ಟು ಗಾಯದ ಗುರುತು ಉಳಿಯುತ್ತೆ ಅಂತ ಇವಳು ಚಿಕ್ಕವಳಿದ್ದಾಗ ಯಾರೋ ಹೇಳಿದ್ದರು ಮೇಡಂ." ಆ ಮಾತಿಗೂ ಒಂದು ಬುಡ ಇದೆ. ಹಿಂದೆ ಈ ಮಚ್ಚೆಗೆ ಬಳಸುತ್ತಿದ್ದ ಆರ್ಗಾನ್ ಲೇಸರ್ ಸುತ್ತಲ ಚರ್ಮವನ್ನೂ ಕಾಯಿಸಿ ಎಷ್ಟೋ ಜನರಿಗೆ ಗಾಯದ ಗುರುತು ಬಿಟ್ಟಿತ್ತು. 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಅನ್ನೋ ಇಬ್ಬರು ಡಾಕ್ಟರುಗಳು, ರಕ್ತದ ಕೆಂಪು ಹೀರುವಂಥ ಬೆಳಕನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಮ್ಮಿ ಹೊತ್ತು ಬಿಟ್ಟರೆ ನಾಳ ಮಾತ್ರ ಬೆಂದು ಸುತ್ತಲಿನ ಚರ್ಮ ಉಳಿಯುತ್ತದೆ ಅಂತ ತೋರಿಸಿದರು. ಈಗಿನ ಪಲ್ಸ್ಡ್ ಡೈ ಲೇಸರ್ ಬಂದಿದ್ದು ಆ ಲೆಕ್ಕದಿಂದಲೇ. ಅದರ ಬೆಳಕಿನ ತರಂಗಾಂತರ 585 ಅಥವಾ 595 ನ್ಯಾನೋಮೀಟರ್. ತೊಂದರೆ ಏನೆಂದರೆ, ನಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ಮೆಲನಿನ್ ಕೂಡ ಆ ಬೆಳಕಿನಲ್ಲಿ ಪಾಲು ಕೇಳುತ್ತದೆ. ಹಾಗಾಗಿ ಬಿಳಿಯರಿಗೆ ಇಡುವ ಪವರ್ ನಮಗೆ ಇಡೋಕಾಗಲ್ಲ. ಇಟ್ಟರೆ ಕೆಂಪು ಮಚ್ಚೆಯ ಜಾಗದಲ್ಲಿ ಕಪ್ಪು ಮಚ್ಚೆಯೋ ಬಿಳಿ ಮಚ್ಚೆಯೋ ಬಂದು ಕೂರುತ್ತದೆ.

ಇನ್ನು ತಾರೀಖಿನ ಲೆಕ್ಕ. ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇದ್ದಿದ್ದು ಇಲ್ಲೇ. ಒಂದು ಸಿಟ್ಟಿಂಗ್ ಆದ ಮೇಲೆ ಇನ್ನೊಂದಕ್ಕೆ ನಾಲ್ಕರಿಂದ ಎಂಟು ವಾರ ಬಿಡಬೇಕು. ಪ್ರತಿ ಸಲ ಮುಖದ ಮೇಲೆ ನೇರಳೆ ಬಣ್ಣದ ಗುರುತು ಬಿದ್ದು ಒಂದೆರಡು ವಾರ ಇರುತ್ತದೆ. ಪೂರ್ತಿ ಅಳಿಸಿಹೋಗುವುದು ಕೆಲವರಿಗೆ ಮಾತ್ರ, ಹೆಚ್ಚಿನವರಿಗೆ ಹಲವು ಸಿಟ್ಟಿಂಗ್ ಆದ ಮೇಲೆ ತಿಳಿಯಾಗುತ್ತದೆ ಅಷ್ಟೇ, ವರ್ಷಗಳಾದ ಮೇಲೆ ಸ್ವಲ್ಪ ಮತ್ತೆ ಗಾಢವಾಗುವುದೂ ಉಂಟು. ಅದರಲ್ಲೂ ಮುಖದ ನಡುಭಾಗ, ಅಂದರೆ ಮೂಗಿನ ಪಕ್ಕದ ಕೆನ್ನೆ ಮತ್ತು ಮೇಲ್ದುಟಿ, ಹಣೆ ಕತ್ತಿನಷ್ಟು ಬೇಗ ಬಗ್ಗುವುದಿಲ್ಲ. ಸುಮಾಳ ಮಚ್ಚೆ ಬಹುಪಾಲು ಅಲ್ಲೇ ಇದೆ. ನಾಲ್ಕು ತಿಂಗಳಲ್ಲಿ ಎಷ್ಟು ಸಿಟ್ಟಿಂಗ್ ಆಗುತ್ತೆ ಅಂತ ಕ್ಯಾಲೆಂಡರ್ ಕೊಟ್ಟು ತಾಯಿಯ ಕೈಯಲ್ಲೇ ಎಣಿಸಿದೆ. ಮದುವೆಗೆ ಮುಂಚಿನ ಎರಡು ತಿಂಗಳು ಲೇಸರ್ ಬೇಡ, ಕಪ್ಪು ಗುರುತು ಬಂದರೆ ಆರೋದಕ್ಕೆ ಟೈಮ್ ಬೇಕು ಅಂತ ಡಾಕ್ಟರ್ ಹೇಳಿದ್ದರು. ಅದನ್ನು ಕಳೆದರೆ ಉಳಿದಿದ್ದು ಎರಡೇ. ತಾಯಿ ಬೆರಳು ಕ್ಯಾಲೆಂಡರಿನ ಮೇಲಿಟ್ಟುಕೊಂಡು, "ಎರಡಕ್ಕೇ ಹೋಗಲ್ವಾ?" ಅಂತ ಕೇಳಿದರು. ಹೋಗಲ್ಲ ಅಂದೆ. ಇದನ್ನು ಯಾರಾದರೂ ನೇರವಾಗಿ ಹೇಳಬೇಕಿತ್ತು. ಡಾಕ್ಟರುಗಳು ಮರ್ಯಾದೆಗೆ "ನೋಡೋಣ" ಅನ್ನುತ್ತಾರೆ, ಮನೆಯವರ ಕಿವಿಗೆ ಅದು "ಹೋಗುತ್ತೆ" ಅಂತಲೇ ಬೀಳುತ್ತದೆ.

ಎರಡನೇ ಸಲ ಸುಮಾಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಆ ವಾರವೇ ಟೆಸ್ಟ್ ಪ್ಯಾಚ್, ಅಂದರೆ ಸ್ವಲ್ಪ ಜಾಗಕ್ಕೆ ಮಾತ್ರ ಲೇಸರ್ ಹಾಕಿ ನೋಡುವುದು, ಆಗಿತ್ತು. ಅವಳೇ ಕೂದಲು ಹಿಂದೆ ಸರಿಸಿ ಕಿವಿಯ ಮುಂದೆ ಕಾಸಿನಗಲದ ಮೂರು ನೇರಳೆ ಚುಕ್ಕೆ ತೋರಿಸಿದಳು. ಕಣ್ಣಿಗೆ ಲೋಹದ ಮುಚ್ಚಳ ಇಟ್ಟಿದ್ದರಂತೆ. ಮೊದಲು ಚುರ್ ಅಂತ ತಣ್ಣನೆ ಗ್ಯಾಸು, ಆಮೇಲೆ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚಟ್ ಅಂತ ಒಂದು ಏಟು. "ನೋವು ತಡ್ಕೋಬಹುದು ಮೇಡಂ, ಅಮ್ಮ ಹೊರಗೆ ಅಳ್ತಿದ್ದಿದ್ದು ಕೇಳಿಸ್ತಿತ್ತು, ಅದೇ ಕಷ್ಟ" ಅಂದಳು.

ಹುಡುಗ, ಅತ್ತೆ, ಮದುವೆ ಯಾವುದೂ ಇಲ್ಲ ಅಂದ್ಕೋ, ಆಗಲೂ ನಿನಗೆ ಲೇಸರ್ ಬೇಕಾ? ಇದು ನಾನು ಕೇಳಿದ ಪ್ರಶ್ನೆ. ಬೇಡ ಅಂತಾಳೆ, ಮುಂದಿನ ದಾರಿ ಸಲೀಸು ಅಂದುಕೊಂಡಿದ್ದೆ. ಅವಳು ತುಂಬ ಹೊತ್ತು ಯೋಚಿಸಿ "ಬೇಕು" ಅಂದಳು. ಮಚ್ಚೆ ನೋಡಿ ಜನ ಏನಂತಾರೆ ಅನ್ನೋದು ಅವಳಿಗೆ ಅಷ್ಟಾಗಿ ತಟ್ಟುವುದಿಲ್ಲವಂತೆ. "ಕೌಂಟರಿಗೆ ಬರೋರು ನನ್ನ ಮುಖ ಎಲ್ಲಿ ನೋಡ್ತಾರೆ, ಪಾಸ್‌ಬುಕ್ ನೋಡ್ತಾರೆ." ಅವಳ ಭಯ ತುಟಿಯದು. ಮೇಲ್ದುಟಿ ಒಂದು ಪಕ್ಕಕ್ಕೆ ದಪ್ಪ ಆಗುತ್ತಾ ಬಂದಿದೆ, ಬ್ರಷ್ ತಾಗಿದರೆ ಕೆಲವು ಸಲ ರಕ್ತ ಬರುತ್ತದೆ. ಈ ಮಚ್ಚೆ ವಯಸ್ಸಾದಂತೆ ಗಾಢವಾಗಿ, ದಪ್ಪವಾಗಿ, ಸಣ್ಣ ಗಂಟುಗಳಾಗುವುದು ನಿಜ. ಅದನ್ನು ಅವಳು ಮೊಬೈಲಿನಲ್ಲಿ ಓದಿ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಮನೆಯವರು ಕೆನ್ನೆಯ ಬಗ್ಗೆ ಜಗಳ ಆಡುತ್ತಿದ್ದರು, ಇವಳು ತುಟಿಯ ಬಗ್ಗೆ ಹೆದರುತ್ತಿದ್ದಳು. ಡಾಕ್ಟರ್ ಕೇಳಿದಾಗಲೆಲ್ಲ ಉತ್ತರ ಅಮ್ಮನೇ ಹೇಳುತ್ತಿದ್ದುದರಿಂದ ತುಟಿಯ ವಿಷಯ ಫೈಲಿನಲ್ಲೇ ಇರಲಿಲ್ಲ!

ಅವಳಿಗೆ ಕೊಟ್ಟ ಸಲಹೆ ಇದು. ಚಿಕಿತ್ಸೆ ಶುರುಮಾಡು, ಆದರೆ ಅದರ ಕೊನೆಯ ತಾರೀಖು ಮದುವೆ ಅಂತ ಇಟ್ಟುಕೊಳ್ಳಬೇಡ. ಮದುವೆ ಆದ ಮೇಲೂ ಒಂದೆರಡು ವರ್ಷ ನಡೆಯುವ ಕೆಲಸ ಇದು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಅಮ್ಮ ಹೊರಗೆ ಕೂರಲಿ, ತುಟಿಯ ವಿಷಯ ನೀನೇ ಹೇಳು. ಪ್ರತಿ ಸಿಟ್ಟಿಂಗಿಗೂ ಮುಂಚೆ ಅದೇ ಗೋಡೆ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆಸು, ಇಲ್ಲದಿದ್ದರೆ ಕಮ್ಮಿಯಾಗಿದೆಯೋ ಇಲ್ಲವೋ ಅಂತ ದಿನಾ ಕನ್ನಡಿ ಮುಂದೆ ವಾದ ಶುರುವಾಗುತ್ತದೆ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಬಿಡಬೇಡ. ಮದುವೆಯ ದಿನಕ್ಕೆ ಮಚ್ಚೆ ಮುಚ್ಚಬೇಕು ಅನಿಸಿದರೆ ಅದಕ್ಕಂತಲೇ ಗಟ್ಟಿ ಕ್ಯಾಮಫ್ಲಾಜ್ ಕ್ರೀಮ್‌ಗಳಿವೆ, ಮೊದಲೇ ಒಂದು ದಿನ ಹಚ್ಚಿ ನೋಡು. ಮುಚ್ಚೋದೂ ನಿನ್ನಿಷ್ಟ, ಬಿಡೋದೂ ನಿನ್ನಿಷ್ಟ. ಫೋಟೋಗ್ರಾಫರಿಗೆ ಮಾತ್ರ ಮೊದಲೇ ಹೇಳು, ಕೇಳದೆ ಅಳಿಸಬೇಡ ಅಂತ. ಇದಕ್ಕೆ ನಕ್ಕಳು. ನನ್ನ ಕೋಣೆಯಲ್ಲಿ ಅವಳು ನಕ್ಕಿದ್ದು ಆಗಲೇ.

ತಾಯಿಯ ಜೊತೆ ಮಾತು ಅಷ್ಟು ಸುಲಭ ಇರಲಿಲ್ಲ. ಅವರಿಗೆ ಯಾಕಿಷ್ಟು ಅವಸರ ಅಂತ ಕೆದಕುತ್ತಾ ಹೋದಾಗ 1999ರ ಆಗಸ್ಟ್ 11ಕ್ಕೆ ಬಂದು ನಿಂತೆವು. ಅವತ್ತು ಸಂಜೆ ಸೂರ್ಯಗ್ರಹಣ. ಅವರಿಗೆ ನಾಲ್ಕನೇ ತಿಂಗಳು. ಅತ್ತೆ ಒಳಗೇ ಕೂರು ಅಂದಿದ್ದರು, ಆದರೆ ಅಂಗಳದಲ್ಲಿ ಬಟ್ಟೆ ಒಣಗಿತ್ತು, ತರೋಕೆ ಅಂತ ಹೋದರು, ಆಗ ಕೆನ್ನೆ ತುರಿಸಿತು. ಎಡಗೆನ್ನೆ. "ಈ ಕೈಯಲ್ಲೇ ತುರಿಸ್ಕೊಂಡೆ ಮೇಡಂ" ಅಂತ ಕೈ ಮುಂದೆ ಹಿಡಿದರು. ಮಗು ಹುಟ್ಟಿದ ದಿನ ಅತ್ತೆ ಒಂದು ಮಾತೂ ಆಡಲಿಲ್ಲವಂತೆ, ಸುಮ್ನೆ ಮಗುವಿನ ಕೆನ್ನೆ ನೋಡಿ ಇವರ ಮುಖ ನೋಡಿದರಂತೆ. ಇಪ್ಪತ್ತೈದು ವರ್ಷ ಆ ನೋಟವನ್ನು ಹೊತ್ತುಕೊಂಡು ಬಂದ ಹೆಂಗಸು ಪವರ್ ಜಾಸ್ತಿ ಇಡಿ ಅನ್ನದೆ ಇನ್ನೇನು ಅಂದಾರು?

ಗ್ರಹಣ ನಂಬಬೇಡಿ ಅಂತ ಭಾಷಣ ಮಾಡಲು ಹೋಗಲಿಲ್ಲ. ಗೊತ್ತಿರುವ ಕಾರಣ ಹೇಳಿದೆ. ಸಾವಿರ ಮಕ್ಕಳಲ್ಲಿ ಸುಮಾರು ಮೂರು ಮಕ್ಕಳಿಗೆ ಈ ಮಚ್ಚೆ ಇರುತ್ತದೆ, ಗ್ರಹಣ ಇದ್ದ ವರ್ಷವೂ, ಇಲ್ಲದ ವರ್ಷವೂ, ಗ್ರಹಣದ ಶಾಸ್ತ್ರವೇ ಗೊತ್ತಿಲ್ಲದ ದೇಶಗಳಲ್ಲೂ. 2013ರಲ್ಲಿ ಇದರ ಕಾರಣ ಸಿಕ್ಕಿತು. ಮಗು ಹೊಟ್ಟೆಯಲ್ಲಿ ರೂಪ ಪಡೆಯುವಾಗ ಯಾವುದೋ ಒಂದು ಜೀವಕೋಶದಲ್ಲಿ ಜಿಎನ್‌ಎಕ್ಯೂ ಅನ್ನೋ ಜೀನ್ ಸ್ವಲ್ಪ ಬದಲಾಗುತ್ತದೆ, ಆ ಕೋಶದಿಂದ ಬೆಳೆದ ಜಾಗದಲ್ಲಷ್ಟೇ ಮಚ್ಚೆ ಬರುತ್ತದೆ. ತಾಯಿ ತಿಂದದ್ದು, ಮುಟ್ಟಿದ್ದು, ತುರಿಸಿಕೊಂಡದ್ದು ಯಾವುದೂ ಲೆಕ್ಕಕ್ಕಿಲ್ಲ. ಅವರು ಕೇಳಿಸಿಕೊಂಡರು. ನಂಬಿದರಾ ಅಂದರೆ ಪೂರ್ತಿ ಇಲ್ಲ. "ಹಾಗಾದ್ರೆ ನಮ್ಮತ್ತೆಗೆ ಇದನ್ನ ಯಾರು ಹೇಳ್ತಾರೆ?" ಅಂದರು. ಅತ್ತೆ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಅವರಿಗೆ ನಾನು ಕೊಟ್ಟ ಕೆಲಸ ಒಂದೇ: ಗ್ರಹಣದ ಕಥೆಯನ್ನು ಮಗಳಿಗೆ ನೀವೇ ಒಮ್ಮೆ ಹೇಳಿಬಿಡಿ. ಅವಳಿಗೆ ಗೊತ್ತಿಲ್ಲ ಅಂತ ನೀವು ಅಂದುಕೊಂಡಿದ್ದೀರಿ ಅಷ್ಟೇ.

ಸೋದರಮಾವ ಹೊರಡುವ ಮುಂಚೆ ದನಿ ತಗ್ಗಿಸಿ, "ಹೋಗದಿದ್ರೆ ಇನ್ನೊಂದು ಐವತ್ತು ಗ್ರಾಂ ಬಂಗಾರ ಹಾಕೋಣ ಅಂತಿದ್ದೀವಿ" ಅಂದರು. ನನಗೆ ಸಿಟ್ಟೇ ಬಂತು. ಕೇಳಿದವರು ಯಾರು? ಯಾರೂ ಕೇಳಿಲ್ಲ. ಹುಡುಗಿಯ ಕೆನ್ನೆಗೆ ಇವರೇ ಕೂತು ರೇಟು ಕಟ್ಟುತ್ತಿದ್ದಾರೆ. 1961ರ ವರದಕ್ಷಿಣೆ ಕಾಯ್ದೆಯಲ್ಲಿ ತಗೊಳ್ಳೋದರ ಜೊತೆ ಕೊಡೋದೂ ಅಪರಾಧ ಅಂತ ನೆನಪಿಸಿದೆ. ಆ ಮಾತು ಮತ್ತೆ ಏಳಲಿಲ್ಲ, ಕನಿಷ್ಠ ನನ್ನ ಮುಂದೆ.

ಹುಡುಗನನ್ನು ಕರೆದುಕೊಂಡು ಬಾ ಅಂತ ಸುಮಾಳಿಗೆ ಹೇಳಿದ್ದೆ, ಬಂದ. ಅವನ ಪ್ರಶ್ನೆ ಒಂದೇ ಇತ್ತು, ಮಕ್ಕಳಿಗೂ ಬರುತ್ತಾ ಅಂತ. ಈ ಬಗೆಯ ಒಂಟಿ ಮಚ್ಚೆ ಸಾಮಾನ್ಯವಾಗಿ ವಂಶದಲ್ಲಿ ಹರಿಯುವುದಿಲ್ಲ ಅಂದೆ, ಡಾಕ್ಟರಿಂದಲೂ ಹೇಳಿಸಿದೆ. ನಿಮ್ಮ ಸೋದರತ್ತೆ ಹೇಳಿದ್ದು ನಿಮ್ಮ ಮಾತಾ ಅಂತ ಕೇಳಿದರೆ, ಅತ್ತೆ ಹಾಗೆ ಅಂದಿದ್ದೇ ಅವನಿಗೆ ಗೊತ್ತಿರಲಿಲ್ಲ! ಮೂರು ವಾರ ಒಂದು ಮನೆ ನಿದ್ದೆಗೆಟ್ಟಿದೆ, ಮದುವೆ ಆಗುವವನಿಗೇ ಸುದ್ದಿ ಇಲ್ಲ. ಅವನಿಗೆ ಹೇಳಿದ್ದು ಇಷ್ಟು: ಅತ್ತೆಯ ಹತ್ತಿರ ನೀವೇ ಮಾತಾಡಿ. ಅರಿಶಿನ ಶಾಸ್ತ್ರದ ದಿನ ಸುಮಾಳ ಎಡಗೆನ್ನೆಯನ್ನು ಯಾರೂ ತಿಕ್ಕದ ಹಾಗೆ ನೋಡಿಕೊಳ್ಳಿ, ಕೈ ಕಾಲಿಗೆ ಹಚ್ಚಿದರೆ ಸಾಕು. ಲೇಸರ್ ಆದ ಚರ್ಮ ತಿಂಗಳುಗಟ್ಟಲೆ ಸೂಕ್ಷ್ಮ ಇರುತ್ತದೆ, ನಮ್ಮ ಹೆಂಗಸರು ಪ್ರೀತಿಯಲ್ಲಿ ಹೇಗೆ ತಿಕ್ಕುತ್ತಾರೆ ಅಂತ ಗೊತ್ತಲ್ವಾ.

ಎಳೆ ಮಗುವಿಗೆ ಕೆಂಪು ಮಚ್ಚೆ ಇರುವ ತಂದೆತಾಯಿಗಳಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲ ಕೆಂಪು ಮಚ್ಚೆಯೂ ಒಂದೇ ಅಲ್ಲ. ಹುಟ್ಟಿದ ಕೆಲವು ವಾರಕ್ಕೆ ಕಾಣಿಸಿಕೊಂಡು ಉಬ್ಬುತ್ತಾ ಹೋಗುವುದು ಹೆಮಾಂಜಿಯೋಮಾ. ಅದು ವರ್ಷಗಳಲ್ಲಿ ತಾನೇ ಇಳಿಯುತ್ತದೆ, ಕಣ್ಣು ಬಾಯಿಯ ಹತ್ತಿರ ಇದ್ದು ತೊಂದರೆ ಕೊಟ್ಟರೆ ಪ್ರೊಪ್ರನಲಾಲ್ ಅನ್ನೋ ಔಷಧಿ ಇದೆ. ಹುಟ್ಟುವಾಗಲೇ ಇದ್ದು, ಚಪ್ಪಟೆಯಾಗಿದ್ದು, ಮಗುವಿನ ಜೊತೆಗೇ ಬೆಳೆಯುವುದು ಪೋರ್ಟ್ ವೈನ್ ಸ್ಟೇನ್, ಅದು ತಾನಾಗಿ ಹೋಗಲ್ಲ. ಅದು ಹಣೆ, ಮೇಲಿನ ರೆಪ್ಪೆಯ ಮೇಲಿದ್ದರೆ ಲೇಸರ್ ಆಮೇಲೆ, ಮೊದಲು ಕಣ್ಣಿನ ಒತ್ತಡ ಮತ್ತು ನರಗಳ ಪರೀಕ್ಷೆ. ಗ್ಲಾಕೋಮಾ, ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ. ದೊಡ್ಡವರಾದ ಮೇಲೆ ನೋಡೋಣ ಅಂತ ಮುಂದೂಡಬೇಡಿ, ಲೇಸರ್ ಕೂಡ ಚಿಕ್ಕ ವಯಸ್ಸಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಅಂತಲೇ ಹೆಚ್ಚಿನ ಡಾಕ್ಟರುಗಳ ಅಭಿಪ್ರಾಯ.

ಸುಮಾಳಿಗೆ ಮದುವೆಗೆ ಮುಂಚೆ ಎರಡು ಸಿಟ್ಟಿಂಗ್ ಆಯಿತು. ಕಿವಿಯ ಕಡೆ ಸ್ವಲ್ಪ ತಿಳಿಯಾಗಿದೆ, ಮೂಗಿನ ಪಕ್ಕ ಇದ್ದ ಹಾಗೇ ಇದೆ. ತುಟಿಗೆ ಇನ್ನೂ ಆಳಕ್ಕೆ ಹೋಗುವ ಬೇರೆ ಲೇಸರ್ ಬೇಕಾಗಬಹುದು, ಅದರಲ್ಲಿ ಅಪಾಯ ಜಾಸ್ತಿ, ನಿಧಾನ ನೋಡೋಣ ಅಂತ ಡಾಕ್ಟರ್ ಅಂದಿದ್ದಾರೆ. ಪಾರ್ಲರಿನವರು ಅರ್ಧ ಅಡ್ವಾನ್ಸ್ ವಾಪಸ್ ಕೊಟ್ಟರು. ಮದುವೆ ಆದ ಮೇಲಿನ ಮೊದಲ ಸಿಟ್ಟಿಂಗಿಗೆ ಆಸ್ಪತ್ರೆಯಿಂದ ಫೋನ್ ಹೋದಾಗ, ಸಂಘದಲ್ಲಿ ಮಾರ್ಚ್ ಲೆಕ್ಕ ನಡೀತಿದೆ, ಮುಗಿಸಿಕೊಂಡು ಏಪ್ರಿಲಿನಲ್ಲಿ ಬರ್ತೀನಿ ಅಂತ ಅವಳೇ ಮಾತಾಡಿ ಡೇಟು ಬದಲಾಯಿಸಿಕೊಂಡಳಂತೆ.