ಕನ್ನಡಕ ಹಾಕುವವರು ಗಗನಯಾತ್ರಿ ಆಗಬಹುದೇ?

ಧಾರಾಳವಾಗಿ ಆಗಬಹುದು. ಕನ್ನಡಕ ಹಾಕಿದ ಮೇಲೆ ಎರಡೂ ಕಣ್ಣಿಗೆ 20/20 (ಅಂದರೆ ಸಾಮಾನ್ಯ) ದೃಷ್ಟಿ ಬಂದರೆ ನಾಸಾಗೆ ಸಾಕು. ಲೇಸರ್ ಚಿಕಿತ್ಸೆಯನ್ನೂ 2007ರಿಂದ ಒಪ್ಪುತ್ತದೆ. ಕುಳಿತಾಗ ರಕ್ತದೊತ್ತಡ 140/90 ದಾಟಬಾರದು.

ನನ್ನ ಪ್ರಕಾರ ನಿಜವಾದ ಜರಡಿ ಬೇರೆ: ಮೇಲೆ ಹೋದಮೇಲೆ ಕೈಕೊಡುವ ಕಾಯಿಲೆ ಯಾವುದು ಎಂಬುದು. ಕಿಡ್ನಿ ಕಲ್ಲನ್ನೇ ನೋಡಿ. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟದ ಮೂಳೆಗೆ ಭಾರ ಹೊರುವ ಕೆಲಸವಿಲ್ಲ. ವ್ಯಾಯಾಮ ಮಾಡದಿದ್ದರೆ ತಿಂಗಳಿಗೆ ಶೇ. 1ರಷ್ಟು ಸವೆಯುತ್ತದೆ. ಹಾಗೆ ಕರಗಿದ ಕ್ಯಾಲ್ಸಿಯಂ ಮೂತ್ರ ಸೇರಿ ಕಲ್ಲು ಕಟ್ಟಬಹುದು. ಅಲ್ಲಿಂದ ಆಸ್ಪತ್ರೆಗೆ ಓಡುವುದೆಲ್ಲಿಗೆ? ಕಣ್ಣಿಗೂ ಕಾಟ ತಪ್ಪಿದ್ದಲ್ಲ: ದೇಹದ ದ್ರವ ತಲೆಯತ್ತ ಏರಿ, ಕೆಲವರಿಗೆ ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕೇ ಹೆಚ್ಚು ಪವರಿನ ಕನ್ನಡಕವನ್ನು ಮೊದಲೇ ಕೊಟ್ಟು ಕಳಿಸುತ್ತಾರೆ.

ಮನುಷ್ಯರನ್ನು ಅಂತರಿಕ್ಷಕ್ಕೆ ಕಳಿಸುವ ನಮ್ಮ ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು. ಅವರ ವೈದ್ಯಕೀಯ ತಪಾಸಣೆ ನಡೆದದ್ದು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ.