ಮಗ ಕೇಳುವ ಜರ್ಮನ್ ಬ್ಯಾಂಡು

ಪ್ರಶ್ನೆ: ಮಗ ಕಾರವಾರದಲ್ಲಿ ಡಿಗ್ರಿ ಓದುತ್ತಿದ್ದಾನೆ. ರಜೆಗೆ ಮನೆಗೆ ಬಂದರೆ ದಿನವಿಡೀ ರಾಮ್‌ಸ್ಟೈನ್ ಎಂಬ ಜರ್ಮನ್ ಬ್ಯಾಂಡಿನ ಹಾಡು. ಬೂಟುಗಾಲಿನ ಸದ್ದು, ಬೆಂಕಿ, ಅಬ್ಬರ. ಇವರು ಹಿಟ್ಲರನ ಕಡೆಯವರು ಎನ್ನುತ್ತಾರೆ ಅವನ ಮಾವ. ಈಗ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಇವರ ಹಾಡನ್ನೇ ಬೆಂಕಿ ಹಚ್ಚಿಕೊಂಡು ಹಾಡುತ್ತಾರಂತೆ. ತಡೆಯಲೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಹಾಡು ತಡೆಯಬೇಡಿ ತಾಯಿ. ಬೆಂಕಿಯ ಮಾತು ಆಮೇಲೆ ಹೇಳುತ್ತೇನೆ.

ನಾನು ಕಾರವಾರದ ಕೋಡಿಬಾಗದಲ್ಲಿ ಹುಡುಗರಿಗೆ ಗಿಟಾರ್ ಹೇಳಿಕೊಡುವವಳು. ಈ ಬ್ಯಾಂಡಿನ ಹಾಡು ಬೇಕು ಅಂತ ಬರುವವರು ಜಾಸ್ತಿ. ಹಿಟ್ಲರನ ಮಾತು ಎಲ್ಲಿಂದ ಬಂತು ಗೊತ್ತಾ? 1998ರಲ್ಲಿ ಇವರು ಒಂದು ವಿಡಿಯೋಕ್ಕೆ ನಾಜಿ ಕಾಲದ ಒಲಿಂಪಿಕ್ಸ್ ಚಿತ್ರದ ದೃಶ್ಯಗಳನ್ನು ಬಳಸಿದರು. ಗಲಾಟೆಯಾಯಿತು. ಆಗಬೇಕಾದದ್ದೇ, ಆ ವಿಡಿಯೋ ನನಗೂ ಒಪ್ಪಿಗೆಯಿಲ್ಲ. ಆದರೆ 2001ರ 'ಲಿಂಕ್ಸ್ 2 3 4' ಹಾಡಿನಲ್ಲಿ ನಮ್ಮ ಎದೆ ಬಡಿಯುವುದು ಎಡಕ್ಕೆ, ಅಂದರೆ ನಾವು ಎಡಪಂಥದವರು, ನಾಜಿಗಳ ಬಲಪಂಥದವರಲ್ಲ ಎಂದು ನೇರವಾಗಿ ಉತ್ತರ ಕೊಟ್ಟರು. ಬೂಟಿನ ಸದ್ದು ಇರುವುದೂ ಅದೇ ಹಾಡಿನಲ್ಲಿ! ಬ್ಯಾಂಡಿನ ಆರೂ ಜನ ಆಗಿನ ಕಮ್ಯುನಿಸ್ಟ್ ಪೂರ್ವ ಜರ್ಮನಿಯವರು. ಅಲ್ಲಿ ಆಗ ವೇದಿಕೆ ಹತ್ತಲೂ ಸರ್ಕಾರದ ಪರವಾನಗಿ ಬೇಕಿತ್ತು. ಎರಡು ಜರ್ಮನಿಗಳ ನಡುವಿನ ಬರ್ಲಿನ್ ಗೋಡೆ ಬಿದ್ದ ಮೇಲೆ, 1994ರಲ್ಲಿ ಬರ್ಲಿನ್‌ನಲ್ಲಿ ಕೂಡಿದರು. ಇವತ್ತಿಗೂ ಅದೇ ಆರು ಜನ.

ನಮ್ಮ ಕಡೆ ಯಕ್ಷಗಾನದ ಆಟದಲ್ಲಿ ರಾಕ್ಷಸ ವೇಷ ದೊಂದಿ ಹಿಡಿದು, ರಾಳ ಎರಚಿ ಅಬ್ಬರಿಸುತ್ತಾ ಬಂದರೆ ಆ ಕಲಾವಿದನನ್ನು ಯಾರೂ ರಾಕ್ಷಸ ಅನ್ನುವುದಿಲ್ಲ, ಅಲ್ವಾ? ಆದರೆ ಆಟದಲ್ಲಿ ಬೆಳಗಾಗುವುದರೊಳಗೆ ರಾಕ್ಷಸ ಸಾಯುತ್ತಾನೆ. ಇವರ ಹಾಡಿನಲ್ಲಿ ಸಾಯುವುದಿಲ್ಲ. ಆಸ್ಟ್ರಿಯಾದಲ್ಲಿ ಒಬ್ಬ ಅಪ್ಪ ಮಗಳನ್ನು 24 ವರ್ಷ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದ. ಅವನ ಬಾಯಲ್ಲೇ 2009ರಲ್ಲಿ ಒಂದು ಹಾಡು ಹಾಡಿದ್ದಾರೆ. ಇದು ತಪ್ಪು ಅಂತ ಹಾಡು ಎಲ್ಲೂ ಹೇಳುವುದಿಲ್ಲ. ಕೇಳುವವನೇ ಹೇಳಿಕೊಳ್ಳಬೇಕು. ಅದೇ ಆಲ್ಬಮ್ಮು ಮಕ್ಕಳ ಕೈಗೆ ಸಿಗಬಾರದು ಎಂದು ಜರ್ಮನಿಯಲ್ಲಿ ತಡೆ ಹಾಕಿದ್ದರು, 2010ರಲ್ಲಿ ನ್ಯಾಯಾಲಯ ತೆಗೆಯಿತು. ನಿಮ್ಮ ಮಗ ಮಗುವಲ್ಲ. ಪಕ್ಕದಲ್ಲಿ ಕೂತು ಇದರ ಅರ್ಥ ಏನಪ್ಪಾ ಅಂತ ಕೇಳಿ. ಅವನು ಹೇಳಲಿ.

ಇನ್ನೊಂದನ್ನೂ ಮಾತಾಡಿ. 2023ರಲ್ಲಿ ಗಾಯಕ ಟಿಲ್ ಲಿಂಡೆಮನ್ ಮೇಲೆ ಕೆಲವು ಮಹಿಳೆಯರು ಗಂಭೀರ ಆರೋಪ ಮಾಡಿದರು. ಅವರು ನಿರಾಕರಿಸಿದರು, ಬರ್ಲಿನ್‌ನ ಸರ್ಕಾರಿ ವಕೀಲರು ಅದೇ ವರ್ಷ ತನಿಖೆ ಕೈಬಿಟ್ಟರು. ಆದರೂ ಅಭಿಮಾನಿಯಾದವನು ಆ ಹೆಣ್ಣುಮಕ್ಕಳು ಹೇಳಿದ್ದನ್ನು ಓದಲೇಬೇಕು ಅಂತ ನನ್ನ ಅಭಿಪ್ರಾಯ.

ಇನ್ನು ಬೆಂಕಿ. ಅದು ಖಂಡಿತ ಬೇಡ. 1996ರಲ್ಲಿ ಬರ್ಲಿನ್‌ನಲ್ಲಿ ಇವರ ವೇದಿಕೆಯ ಉರಿಯುವ ಭಾಗವೊಂದು ಕಳಚಿ ಬಿತ್ತು. ಆಮೇಲೆ ಲಿಂಡೆಮನ್ ಬೆಂಕಿ ಕೆಲಸ ಕಲಿತು ಪರವಾನಗಿಯನ್ನೇ ಪಡೆದರು. ಕಾಲೇಜಿನ ಹಾಲ್‌ನಲ್ಲಿ ಬಟ್ಟೆಯ ಪರದೆ, ಪ್ಲಾಸ್ಟಿಕ್ ಕುರ್ಚಿ, ತುಂಬಿದ ಹುಡುಗರು. ಕೆಂಪು ಲೈಟು, ಜೋರು ಡ್ರಮ್ಮು ಸಾಕು. ಪ್ರಿನ್ಸಿಪಾಲರಿಗೆ ನೀವೇ ಇವತ್ತೇ ಒಂದು ಫೋನ್ ಮಾಡಿ.